ಚೀಲ ತಪ್ಪಿದ ಸರಕು

ಮಳೆಗಾಲ ಹತ್ತಿರವಾದಂತೆ ಸಂಘದ ಮಳಿಗೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: “ಬೋರ್ಡೋ ಜೊತೆಗೆ ಹೊಡೆಯಲು ಸ್ಟ್ರೆಪ್ಟೋಮೈಸಿನ್ ಪುಡಿ ಇದೆಯೇ?” ಇಲ್ಲವೆಂದರೆ ಕೆಲವು ಸದಸ್ಯರಿಗೆ ಅಸಮಾಧಾನ. ಅದನ್ನು ತರಿಸಬಾರದೆಂದು ನಾನು ಹಟ ಹಿಡಿದಿರುವುದೇಕೆ ಎಂಬುದನ್ನು ಸದಸ್ಯ ಬಾಂಧವರಿಗೆ ತಿಳಿಸುವುದು ನನ್ನ ಕರ್ತವ್ಯ.

ಸ್ಟ್ರೆಪ್ಟೋಮೈಸಿನ್ ಬ್ಯಾಕ್ಟೀರಿಯಗಳಿಗಾಗಿ ಇರುವ ಔಷಧ. ಅಡಿಕೆಯ ಕೊಳೆರೋಗವಾಗಲಿ ಕಾಫಿಯ ಎಲೆತುಕ್ಕಾಗಲಿ ಬ್ಯಾಕ್ಟೀರಿಯದಿಂದ ಬರುವುದಿಲ್ಲ. ಅವಕ್ಕೆ ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣವೇ ಸರಿ.

ಇನ್ನೂ ದೊಡ್ಡ ಕಾರಣ ಬೇರೆ ಇದೆ. ಬ್ಯಾಕ್ಟೀರಿಯಗಳಿಗೂ ವೈರಸ್ ರೋಗ ತಗಲುತ್ತದೆ. ಈ ವೈರಸ್ಸಿಗೆ ‘ಫೇಜ್’ ಎಂದು ಹೆಸರು. ಅದು ಬ್ಯಾಕ್ಟೀರಿಯದ ಒಳಹೊಕ್ಕು ತನ್ನ ಪ್ರತಿಗಳನ್ನು ತಯಾರಿಸಿ, ಕೊನೆಗೆ ಅದನ್ನು ಒಡೆದು ಹೊರಬರುತ್ತದೆ. ಗೋದಾಮಿನ ಗಡಿಬಿಡಿಯಲ್ಲಿ ಒಬ್ಬರ ಚೀಲಕ್ಕೆ ಇನ್ನೊಬ್ಬರ ಅಡಿಕೆ ಬೀಳುವಂತೆ, ಒಮ್ಮೊಮ್ಮೆ ಫೇಜ್‌ನ ಕವಚದೊಳಗೆ ಅದರ ವಂಶವಾಹಿಗಳ ಬದಲು ಸತ್ತ ಬ್ಯಾಕ್ಟೀರಿಯದ ವಂಶವಾಹಿಗಳ ತುಣುಕು ಸೇರಿಕೊಳ್ಳುತ್ತದೆ. ಆ ತುಣುಕು ಮುಂದಿನ ಬ್ಯಾಕ್ಟೀರಿಯವನ್ನು ಸೇರಿ ಅದರ ಸ್ವಂತ ಗುಣವಾಗಿಬಿಡಬಹುದು.

ಇದನ್ನು 1952ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನಾರ್ಟನ್ ಜಿಂಡರ್ ಮತ್ತು ಜೋಶುವಾ ಲೆಡರ್‌ಬರ್ಗ್ ಪ್ರಕಟಿಸಿದರು. ಬ್ಯಾಕ್ಟೀರಿಯ ದಾಟಲಾರದಷ್ಟು ಸೂಕ್ಷ್ಮವಾದ ಶೋಧಕವನ್ನು ನಡುವೆ ಇಟ್ಟರೂ ಒಂದು ಕಡೆಯ ಗುಣ ಇನ್ನೊಂದು ಕಡೆಗೆ ಹೋಗಿತ್ತು. ಹೊತ್ತೊಯ್ದದ್ದು ಫೇಜ್. ಕಾಲರಾದ ವಿಷವನ್ನು ತಯಾರಿಸುವ ವಂಶವಾಹಿಗಳೂ ಒಂದು ಫೇಜ್‌ನ ಮೂಲಕವೇ ಸಾಗುತ್ತವೆಂದು 1996ರಲ್ಲಿ ಗೊತ್ತಾಯಿತು.

ಔಷಧಕ್ಕೆ ಬಗ್ಗದ ಗುಣವೂ ಹೀಗೆ ಕೈಬದಲಾಗಬಲ್ಲದು. ಬ್ಯಾಕ್ಟೀರಿಯಗಳು ಒಂದಕ್ಕೊಂದು ತಗಲಿಕೊಂಡು ನೇರವಾಗಿ ಕೊಡುವುದೂ ಉಂಟು. ಚೀಲ ತಪ್ಪುವುದು ಅಪರೂಪವೇ. ಆದರೆ ಚಿಟಿಕೆ ಮಣ್ಣಿನಲ್ಲಿಯೇ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿವೆ. ಔಷಧ ಹೊಡೆದಾಗ ಬಡಪಾಯಿಗಳು ಸಾಯುತ್ತವೆ. ಬಗ್ಗದ ಗುಣ ಪಡೆದದ್ದು ಉಳಿದು ಬೆಳೆಯುತ್ತದೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ತೋಟದ ನೀರು ಹಳ್ಳಕ್ಕೆ, ಹಳ್ಳದ ನೀರು ಕೆಳಗಿನವರ ಮನೆಗೆ. ನಾಳೆ ಮಗುವಿಗೆ ಜ್ವರ ಬಂದಾಗ ಡಾಕ್ಟರು ಕೊಟ್ಟ ಔಷಧ ನಾಟದಿದ್ದರೆ ಯಾರನ್ನು ಕೇಳೋಣ?

“ಶುಂಠಿ ಕೊಳೆತರೆ ವರ್ಷದ ದುಡಿಮೆಯೇ ಹೋಯಿತಲ್ಲ, ಸ್ವಾಮಿ” ಎನ್ನುವವರ ಸಂಕಟ ನನಗೆ ಗೊತ್ತು. ಶುಂಠಿಯ ಹಸಿರು ಸೊರಗು ನಿಜವಾಗಿಯೂ ಬ್ಯಾಕ್ಟೀರಿಯದ ರೋಗವೇ. ಆದರೆ ರೋಗವಿಲ್ಲದ ಬೀಜ, ನೀರು ನಿಲ್ಲದ ಕಾಲುವೆ, ಸೊರಗಿದ ಗಿಡವನ್ನು ಕೂಡಲೇ ಕಿತ್ತು ಸುಡುವುದು, ಇವಿಲ್ಲದೆ ಬರಿಯ ಪುಡಿಯಿಂದ ಬೆಳೆ ಉಳಿಯದು. ಕೃಷಿಯಲ್ಲಿ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಬಳಕೆ ನಿಲ್ಲಿಸಬೇಕೆಂದು ಕೇಂದ್ರ ಸರ್ಕಾರವೂ 2021ರಲ್ಲಿ ಕರಡು ಆದೇಶ ಹೊರಡಿಸಿತ್ತು.

ಆದ್ದರಿಂದ ಸಂಘದ ಮಳಿಗೆಯಲ್ಲಿ ಈ ಪುಡಿಗಳನ್ನು ಮಾರುವುದಿಲ್ಲವೆಂದು ಬರುವ ಮಹಾಸಭೆಯಲ್ಲಿ ನಿರ್ಣಯ ಮಂಡಿಸುವವನಿದ್ದೇನೆ. ದನಗಳಿಗೆ ಕೆಚ್ಚಲು ಬಾವು ಬಂದಾಗಲೂ ಪಶುವೈದ್ಯರನ್ನು ಕೇಳದೆ ಔಷಧ ಕೊಡಬೇಡಿರೆಂದು ವಿನಂತಿ. ಒಪ್ಪದವರು ಸಭೆಗೆ ತಪ್ಪದೆ ಬಂದು ವಾದಿಸಬೇಕು.

— ಕಾರ್ಯದರ್ಶಿ