‘ರಕ್ತ ಕಡಿಮೆ’ ಎನ್ನುವ ಮುನ್ನ ಒಂದು ಕಣವನ್ನು ಅರಿಯೋಣ

“ಡಾಕ್ಟ್ರೇ, ಮಗಳಿಗೆ ರಕ್ತ ಕಡಿಮೆ ಇದೆ. ರಕ್ತ ಆಗುವ ಹಾಗೆ ಒಂದು ಟಾನಿಕ್ ಬರೆದುಕೊಡಿ.” ನಮ್ಮ ದವಾಖಾನೆಗಳಲ್ಲಿ ದಿನವೂ ಕೇಳಿಬರುವ ಮಾತಿದು. ಟಾನಿಕ್ ತರುತ್ತಾರೆ, ಬಾಟಲಿ ಮುಗಿಯುವಷ್ಟರಲ್ಲಿ ಹುಡುಗಿ ಸ್ವಲ್ಪ ಚೇತರಿಸಿಕೊಳ್ಳುತ್ತಾಳೆ, ಔಷಧಿ ಅಲ್ಲಿಗೇ ನಿಲ್ಲುತ್ತದೆ. ಆರು ತಿಂಗಳಲ್ಲಿ ಮತ್ತೆ ಅದೇ ಸುಸ್ತು, ಮತ್ತೆ ಅದೇ ಮಾತು.

ಹೀಗಾಗಲು ಮುಖ್ಯ ಕಾರಣ ನಮ್ಮ ತಿಳಿವಳಿಕೆಯಲ್ಲೇ ಇದೆ. ರಕ್ತವೆಂದರೆ ಟ್ಯಾಂಕಿನ ನೀರು, ಕಡಿಮೆಯಾದರೆ ತುಂಬಿಸಿದರಾಯಿತು ಎಂದು ನಾವು ಭಾವಿಸಿದ್ದೇವೆ. ರಕ್ತಹೀನತೆಯಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದು ರಕ್ತದ ಪ್ರಮಾಣವಲ್ಲ, ಅದರೊಳಗಿನ ಕೆಂಪು ಕಣಗಳು ಮತ್ತು ಆ ಕಣಗಳು ಹೊತ್ತ ಹಿಮೋಗ್ಲೋಬಿನ್. ಆದ್ದರಿಂದ ಈ ಒಂದು ಜೀವಕೋಶದ ರಚನೆ ಮತ್ತು ಕೆಲಸವನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು ಎಂಬುದು ನನ್ನ ಅಭಿಪ್ರಾಯ. ಅದು ಮಕ್ಕಳ ಪರೀಕ್ಷೆಗೆ ಮಾತ್ರ ಮೀಸಲಾದ ಪಾಠವಲ್ಲ.

ನಮ್ಮ ದೇಹ ಕೋಟಿಗಟ್ಟಲೆ ಜೀವಕೋಶಗಳಿಂದಾಗಿದೆ. ಪ್ರತಿ ಕೋಶಕ್ಕೂ ತೆಳುವಾದ ಕೋಶಪೊರೆ ಇದೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದನ್ನು ಅದು ನಿಯಂತ್ರಿಸುತ್ತದೆ. ಒಳಗೆ ಕೋಶದ್ರವ್ಯ. ಅದರಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ, ಪ್ರೋಟೀನ್ ತಯಾರಿಸುವ ರೈಬೋಸೋಮ್. ಇವೆಲ್ಲಕ್ಕೂ ಆದೇಶ ಕೊಡುವ ಬರಹ ಕೋಶಕೇಂದ್ರದಲ್ಲಿದೆ. ಹೈಸ್ಕೂಲಿನ ಮಗುವಿಗೆ ಇಷ್ಟೆಲ್ಲ ಗೊತ್ತು.

ಕೆಂಪು ರಕ್ತಕಣ ಮಾತ್ರ ಈ ಪಾಠಕ್ಕೆ ಹೊರತಾಗಿದೆ. ಎಲುಬಿನ ಮಜ್ಜೆಯಲ್ಲಿ ಬೆಳೆಯುವಾಗ ಅದಕ್ಕೂ ಕೋಶಕೇಂದ್ರ ಇರುತ್ತದೆ. ಪೂರ್ಣವಾಗಿ ಬಲಿಯುವ ಮೊದಲು ಅದು ತನ್ನ ಕೋಶಕೇಂದ್ರವನ್ನು ಹೊರಹಾಕಿಬಿಡುತ್ತದೆ, ಮೈಟೊಕಾಂಡ್ರಿಯವನ್ನೂ ಕಳೆದುಕೊಳ್ಳುತ್ತದೆ. ಹೀಗೆ ಖಾಲಿಯಾದ ಜಾಗದಲ್ಲೆಲ್ಲ ಹಿಮೋಗ್ಲೋಬಿನ್ ತುಂಬಿರುತ್ತದೆ. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಪ್ರತಿ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು. ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಅಂಟಿಕೊಳ್ಳುವುದು ಈ ಕಬ್ಬಿಣಕ್ಕೆ. ಮೈಟೊಕಾಂಡ್ರಿಯ ಇಲ್ಲದ ಕಾರಣ ಈ ಕಣ ತಾನು ಹೊತ್ತ ಆಮ್ಲಜನಕವನ್ನು ತನಗಾಗಿ ಖರ್ಚು ಮಾಡುವುದಿಲ್ಲ. ಅಮಾನತ್ತಾಗಿ ಸಿಕ್ಕಿದ್ದನ್ನು ಹಾಗೆಯೇ ಮೆದುಳಿಗೆ, ಹೃದಯಕ್ಕೆ, ಗರ್ಭದಲ್ಲಿರುವ ಮಗುವಿಗಾಗಿ ತಲುಪಿಸುತ್ತದೆ.

ಇದರ ಆಕಾರವೂ ಕೆಲಸಕ್ಕೆ ತಕ್ಕಂತಿದೆ. ಎರಡೂ ಬದಿ ನಡುವೆ ತಗ್ಗಿದ ಬಿಲ್ಲೆಯಂತಿರುವ ಈ ಕಣದ ಅಗಲ ಸುಮಾರು ಏಳೆಂಟು ಮೈಕ್ರೋಮೀಟರ್. ತನಗಿಂತ ಸಣ್ಣ ರಕ್ತನಾಳಗಳಲ್ಲೂ ಬಾಗಿ, ಮಡಚಿಕೊಂಡು ಹಾದುಹೋಗುತ್ತದೆ. ಆದರೆ ಕೋಶಕೇಂದ್ರವಿಲ್ಲದ್ದರಿಂದ ತನ್ನ ಸವೆತವನ್ನು ತಾನೇ ರಿಪೇರಿ ಮಾಡಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ. ಸುಮಾರು 120 ದಿನ ದುಡಿದು ಗುಲ್ಮ ಮತ್ತು ಯಕೃತ್ತಿನಲ್ಲಿ ಕೊನೆಗೊಳ್ಳುತ್ತದೆ. ಅದರ ಕಬ್ಬಿಣವನ್ನು ದೇಹ ಎಸೆಯುವುದಿಲ್ಲ, ಹೊಸ ಕಣಕ್ಕೆ ಬಳಸುತ್ತದೆ. ಮಜ್ಜೆ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ತಯಾರಿಸುತ್ತಲೇ ಇರಬೇಕು.

ಈಗ ಟಾನಿಕ್ಕಿನ ವಿಷಯಕ್ಕೆ ಬರೋಣ. ಕಬ್ಬಿಣದ ಔಷಧಿ ಆರಂಭಿಸಿದ ವಾರ ಹತ್ತು ದಿನಗಳಲ್ಲಿ ಮಜ್ಜೆ ಚುರುಕಾಗುತ್ತದೆ. ಸುಸ್ತು ಕಡಿಮೆಯಾದಂತೆ ಕಾಣುವುದು ಆಗಲೇ. ಆದರೆ ಆಗ ರಕ್ತದಲ್ಲಿರುವ ಕಣಗಳಲ್ಲಿ ಹೆಚ್ಚಿನವು ಕಬ್ಬಿಣದ ಅಭಾವದಲ್ಲಿ ಹುಟ್ಟಿದ ಹಳೆಯ, ಸಣ್ಣ, ಬಿಳಚಿದ ಕಣಗಳೇ. ಅವು ತಮ್ಮ ಆಯುಸ್ಸು ಮುಗಿಸಿ, ಅವುಗಳ ಜಾಗಕ್ಕೆ ಒಳ್ಳೆಯ ಕಣಗಳು ಬರಲು ತಿಂಗಳುಗಳೇ ಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ ದೇಹದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಔಷಧಿ ಮುಂದುವರಿಸಬೇಕು. ಔಷಧಿಯ ಅವಧಿಯನ್ನು ಬಾಟಲಿಯ ಅಳತೆಯಿಂದಲ್ಲ, ಕಣದ ಆಯುಸ್ಸಿನಿಂದ ಲೆಕ್ಕ ಹಾಕಬೇಕು.

ಇದು ಸಣ್ಣ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇಕಡಾ 47.8. ಅಂದರೆ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಹಸಿ ಅಕ್ಕಿ, ಮಣ್ಣು, ಬಳಪ ತಿನ್ನುವ ಆಸೆ ಇವೆಲ್ಲ ಅದರ ಸೂಚನೆಗಳಿರಬಹುದು. ಇವನ್ನು ಸೋಮಾರಿತನ, ಕೆಟ್ಟ ಚಾಳಿ ಎಂದು ಬೈಯುವ ಮೊದಲು ಪರೀಕ್ಷೆ ಮಾಡಿಸಿ. ಹೆರಿಗೆಯ ಹೊತ್ತಿಗೂ ರಕ್ತಹೀನತೆ ಉಳಿದಿದ್ದರೆ ತಾಯಿಯ ಜೀವಕ್ಕೇ ಅಪಾಯ.

ಕಣ ಏಕೆ ಹಾಳಾಯಿತು ಎಂದು ತಿಳಿಯದೆ ಔಷಧಿ ಕೊಡಬಾರದು ಎಂಬುದು ನನ್ನ ಎರಡನೆಯ ಮಾತು. ನಮ್ಮ ಯುನಾನಿಯಲ್ಲಿ ಶರ್ಬತ್ ಫೌಲಾದ್, ಕುಶ್ತಾ ಫೌಲಾದ್ ಇವೆ. ಫೌಲಾದ್ ಎಂದರೆ ಉಕ್ಕು. ಈ ಔಷಧಿಗಳ ಆಧಾರವೂ ಕಬ್ಬಿಣವೇ. ಆದರೆ ಖೂನ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ದ್ರವಗಳ ಬಗ್ಗೆ ಬರೆದ ಹಳೆಯ ಹಕೀಮರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ಲೇವನ್‌ಹುಕ್ ಕೆಂಪು ಕಣಗಳನ್ನು ನೋಡಿ ವಿವರಿಸಿದ್ದು 1674ರಲ್ಲಿ. ಇಂದು ನಮ್ಮ ಬಳಿ ಆ ಸಾಧನವಿದೆ. ಇದ್ದೂ ನಾಡಿ ಹಿಡಿದು, ಕಣ್ಣ ರೆಪ್ಪೆ ಎಳೆದು ನೋಡಿ ಅಷ್ಟಕ್ಕೇ ಕುಶ್ತಾ ಕಟ್ಟಿಕೊಡುವುದು ವೈದ್ಯನಿಗೆ ಶೋಭೆಯಲ್ಲ. ಪರವಾನಗಿ ಸಂಖ್ಯೆ, ತಯಾರಕರ ಹೆಸರು ಇಲ್ಲದ ಪೊಟ್ಟಣವನ್ನಂತೂ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಸಿಬಿಸಿ ಎಂಬ ಸಾಮಾನ್ಯ ರಕ್ತಪರೀಕ್ಷೆ ಹಿಮೋಗ್ಲೋಬಿನ್ ಜೊತೆಗೆ ಕಣದ ಗಾತ್ರವನ್ನೂ ತಿಳಿಸುತ್ತದೆ. ಕಬ್ಬಿಣದ ಕೊರತೆಯಲ್ಲಿ ಕಣ ಸಣ್ಣದಾಗುತ್ತದೆ. ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯಲ್ಲಿ ದೊಡ್ಡದಾಗುತ್ತದೆ. ಅಲ್ಲಿ ಬರೀ ಕಬ್ಬಿಣ ಕೊಟ್ಟು ಫಲವಿಲ್ಲ. ಮುಟ್ಟಿನಲ್ಲಿ ಅತಿಯಾದ ಸ್ರಾವ, ಮೂಲವ್ಯಾಧಿ, ಕೊಕ್ಕೆಹುಳು ಇವುಗಳಿಂದ ರಕ್ತ ಹೋಗುತ್ತಲೇ ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು.

ಕಣ ಸಣ್ಣದಾಗಲು ಇನ್ನೊಂದು ಕಾರಣ ಥಲಸ್ಸೇಮಿಯಾ. ಇಲ್ಲಿ ಕಬ್ಬಿಣದ ಕೊರತೆಯಿಲ್ಲ, ಹಿಮೋಗ್ಲೋಬಿನ್ ತಯಾರಿಸುವ ಆದೇಶದ ಬರಹದಲ್ಲೇ ದೋಷ. ಈ ದೋಷದ ಒಂದು ಪ್ರತಿ ಮಾತ್ರ ಇರುವವರು ವಾಹಕರು. ಅವರು ಆರೋಗ್ಯವಂತರಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ಶೇಕಡಾ 25. ಅಂಥ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡುತ್ತಲೇ ಇರಬೇಕು. ಹಾಗೆ ಪಡೆದ ರಕ್ತದ ಕಬ್ಬಿಣವೇ ಹೃದಯ, ಯಕೃತ್ತುಗಳಲ್ಲಿ ಶೇಖರವಾಗುತ್ತದೆ. ಅದಕ್ಕೆ ಮತ್ತೆ ಫೌಲಾದ್ ಕುಡಿಸಿದರೆ ಉಪಕಾರವಲ್ಲ, ಅಪಕಾರ. ಮಾವನ ಮಗಳು, ಚಿಕ್ಕಪ್ಪನ ಮಗಳು ಎಂದು ಸಂಬಂಧದೊಳಗೆ ನಿಕಾಹ್ ಮಾಡುವ ಮನೆಗಳಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ಸಂಬಂಧ ಬೇಡವೆಂದು ನಾನು ಹೇಳುತ್ತಿಲ್ಲ. ಮಾತುಕತೆಗೆ ಮೊದಲು ಹುಡುಗ ಹುಡುಗಿ ಇಬ್ಬರಿಗೂ ಸಿಬಿಸಿ ಮತ್ತು ಎಚ್‌ಬಿ ಎ2 ಪರೀಕ್ಷೆ ಮಾಡಿಸಿ ಎನ್ನುತ್ತಿದ್ದೇನೆ. ಮಹರ್, ಛತ್ರ, ಊಟದ ಪಟ್ಟಿಗೆ ಸಮಯ ಕೊಡುವ ನಾವು ಇದಕ್ಕೂ ಒಂದು ಬೆಳಗ್ಗೆ ಕೊಡಬಹುದು.

ಉಳಿದದ್ದು ಅಡುಗೆಮನೆಯ ವಿಷಯ. ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಎಂದ ಮಾತ್ರಕ್ಕೆ ರಕ್ತವಾಗುವುದಿಲ್ಲ. ಬಣ್ಣ ಕಣಕ್ಕೆ ಹೋಗುವುದಿಲ್ಲ, ಕಬ್ಬಿಣ ಹೋಗಬೇಕು. ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಹುರುಳಿ, ಕಡಲೆ, ಸೊಪ್ಪುಗಳ ಕಬ್ಬಿಣ ಸೇರಲು ನಿಂಬೆರಸ, ನೆಲ್ಲಿಕಾಯಿ ನೆರವಾಗುತ್ತವೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಸುಲೈಮಾನಿಯಾದರೂ ಸರಿ, ಅದನ್ನು ತಡೆಯುತ್ತದೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ರಮಝಾನಿನಲ್ಲೂ ಇಫ್ತಾರ್ ಊಟದ ಜೊತೆಗೇ ಚಹಾ ಬೇಡ. ಮಾತ್ರೆ ನಿಲ್ಲಿಸದೆ ರಾತ್ರಿಯ ಹೊತ್ತಿಗೆ ಬದಲಿಸಿಕೊಳ್ಳಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಮಲಬದ್ಧತೆ, ಹೊಟ್ಟೆ ತೊಳಸು ಆದರೆ ವೈದ್ಯರಿಗೆ ಹೇಳಿ, ನೀವಾಗಿಯೇ ಬಿಡಬೇಡಿ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ ಸರಕಾರ ಉಚಿತವಾಗಿ ಕೊಡುತ್ತದೆ. ಶಾಲೆಯಲ್ಲಿ ಕೊಟ್ಟದ್ದನ್ನು ನುಂಗಬೇಡ ಎಂದು ಮಗಳಿಗೆ ಹೇಳಿಕೊಡಬೇಡಿ.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಗಂಡಸರು, ಅತಿಥಿಗಳು, ಮಕ್ಕಳು ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರು ಉಣ್ಣುವವಳು ಪ್ರತಿ ತಿಂಗಳು ರಕ್ತ ಕಳೆದುಕೊಳ್ಳುವವಳೂ ಹೌದು. ಕಬ್ಬಿಣದ ಅಗತ್ಯ ಹೆಚ್ಚಿರುವವರಿಗೇ ಮಾಂಸದ ತುಂಡು ಕಡಿಮೆ ಸಿಗುತ್ತದೆ. ಇದನ್ನು ಯಾವ ಟಾನಿಕ್ಕೂ ಸರಿಪಡಿಸದು. ಈ ತಿಂಗಳು ಪತ್ನಿಯ ಮತ್ತು ಮಗಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಗೆ 12, ಗರ್ಭಿಣಿಗೆ 11 ಗ್ರಾಂ ಆದರೂ ಇರಬೇಕು. ಕಡಿಮೆಯಿದ್ದರೆ ಕಾರಣ ಹುಡುಕಿಸಿ, ಔಷಧಿ ಪೂರ್ತಿ ಮಾಡಿಸಿ, ಅಷ್ಟು ದಿನವೂ ಅವರ ತಟ್ಟೆಯ ಕಡೆ ಒಂದು ಕಣ್ಣಿಡಿ.