ಊಟದ ಚೀಟಿಯನ್ನೂ ಬರೆಸಿಕೊಡಿ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ, ತುರುವೇಕೆರೆ ತಾಲ್ಲೂಕು ಮಾಯಸಂದ್ರದಿಂದ ಒಂದು ಕಾಗದ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ. ತೋಟವಿದ್ದವರು ಎರಡು ಎಳನೀರು ಕೆಡವಿಸಿಕೊಂಡೇ ಹೊರಡುತ್ತಾರೆ. ಜ್ವರಕ್ಕೆ, ಭೇದಿಗೆ, ಸುಸ್ತಿಗೆ ಅದು ಒಳ್ಳೆಯದೇ. ಆದರೆ ಡಯಾಲಿಸಿಸ್ ಮಾಡಿಸಿಕೊಂಡು ಮನೆಗೆ ಬಂದವರ ಮುಂದೆಯೂ ಅದೇ ಎಳನೀರು ಬಂದು ಕೂರುತ್ತದೆ. ಒಂದು ದೊಡ್ಡ ಲೋಟದಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ. ಕಿಡ್ನಿ ಕೈಕೊಟ್ಟವರ ಮೈಯಿಂದ ಅದು ಸರಿಯಾಗಿ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಏರುತ್ತಾ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲು ರೋಗಿಗೆ ಬಾಯಿ ಬರುವುದಿಲ್ಲ. ಬೇಡ ಎನ್ನಬೇಕೆಂದು ಅವರಿಗೆ ಹೇಳಿದವರೂ ಇರುವುದಿಲ್ಲ.

ಬಸ್ಸಾರಿನ ಕಥೆಯೂ ಇಷ್ಟೇ. ಸೊಪ್ಪು, ತರಕಾರಿಯನ್ನು ಹೆಚ್ಚು ನೀರಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಒಂದಷ್ಟು ಇಳಿಯುತ್ತದೆ, ಆ ನೀರನ್ನು ಚೆಲ್ಲಬೇಕು ಎನ್ನುತ್ತಾರೆ ವೈದ್ಯರು. ನಮ್ಮ ಮನೆಗಳಲ್ಲಿ ಬಸಿದ ನೀರೇ ಸಾರು! ಪಲ್ಯ ಮಕ್ಕಳ ತಟ್ಟೆಗೆ, ಸಾರು ಕಾಯಿಲೆಯವರ ಮುದ್ದೆಗೆ. ಪೇಟೆಯಲ್ಲಿ ಅಚ್ಚಾದ ಪಥ್ಯದ ಹಾಳೆಯಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಎಂದಿರುತ್ತದೆಯೇ ಹೊರತು ಬಸ್ಸಾರಿನ ಮಾತೇ ಇರುವುದಿಲ್ಲ.

ಕಿಡ್ನಿ ಕಾಯಿಲೆಯಲ್ಲಿ ಇನ್ನೊಂದು ತೊಡಕಿದೆ. ಡಯಾಲಿಸಿಸ್ ಶುರುವಾಗುವ ಮುಂಚೆ ವೈದ್ಯರು ಬೇಳೆ, ಕಾಳು, ಮೊಟ್ಟೆ ಕಡಿಮೆ ಮಾಡಿಸುತ್ತಾರೆ. ಶುರುವಾದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ, ಏಕೆಂದರೆ ಪ್ರತಿ ಸಲವೂ ಯಂತ್ರದ ಮೂಲಕ ಒಂದಿಷ್ಟು ಪ್ರೊಟೀನ್ ಸೋರಿಹೋಗುತ್ತದೆ. ಆಗ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ನಿಷ್ಠೆಯಿಂದ ಮುಂದುವರಿಸಿದವರು ಸೊರಗುತ್ತಾರೆ. ಆ ನಿಷ್ಠೆಯನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಪಥ್ಯ ಬದಲಾಗಿದೆ ಎಂದು ಯಾರಾದರೂ ಬರೆದುಕೊಡಬೇಕಿತ್ತು.

ಕ್ಯಾನ್ಸರ್ ಮನೆಗಳಲ್ಲಿ ನಂಜಿನ ಭಯ. ಕುಣಿಗಲ್ ದಾಟಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರಿಗೆ ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೊಟ್ಟೆ ನಂಜು, ಮೊಸರು ಶೀತ. ಉಳಿಯುವುದು ತಿಳಿಗಂಜಿ ಮತ್ತು ಮೆಣಸಿನ ಸಾರು. ಗಾಯ ಕೂಡಲು, ಮುಂದಿನ ಕೀಮೋ ತಡೆದುಕೊಳ್ಳಲು ಪ್ರೊಟೀನ್ ಬೇಕಾದ ದಿನಗಳಲ್ಲೇ ಅದು ತಟ್ಟೆಯಿಂದ ಮಾಯ. ಹೊತ್ತುಹೊತ್ತಿಗೆ ಲಕ್ಷ್ಮಣಫಲದ ಎಲೆಯ ಕಷಾಯ ಮಾತ್ರ ತಪ್ಪುವುದಿಲ್ಲ. ಯಾವ ಕಷಾಯವೂ, ಯಾವ ಊಟವೂ ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ. ಊಟದ ಕೆಲಸ ಚಿಕಿತ್ಸೆಯನ್ನು ಮೈ ತಡೆದುಕೊಳ್ಳುವಂತೆ ಮಾಡುವುದು. ಇಷ್ಟನ್ನು ಆಸ್ಪತ್ರೆಯವರ ಬಾಯಿಂದ ಕೇಳಿದರೆ ಜನ ನಂಬುತ್ತಾರೆ. ಆಸ್ಪತ್ರೆ ಸುಮ್ಮನಿದ್ದರೆ ಮೆಡಿಕಲ್ ಸ್ಟೋರಿನ ಪ್ರೊಟೀನ್ ಪುಡಿ ಡಬ್ಬ ಮಾತಾಡುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗಿ, ಬಂದ ದುಡ್ಡು ಡಬ್ಬಕ್ಕೆ ಸುರಿಯುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಕೆಲವರಿಗೆ ಪುಡಿ ನಿಜಕ್ಕೂ ಬೇಕಾಗಬಹುದು. ಆದರೆ ಹೊಟ್ಟೆ ಸೇರುವುದೇ ನಾಲ್ಕು ತುತ್ತು ಎಂಬಂಥವರ ಗಂಜಿಗೆ ಗಟ್ಟಿ ತೆಂಗಿನಹಾಲು, ಹುರಿಗಡಲೆ ಹಿಟ್ಟು ಬೆರೆಸಬಹುದೇ ಎಂದು ಹೇಳಲು ಒಬ್ಬರಾದರೂ ಇರಬೇಡವೇ?

ಊಟ ಔಷಧಿಯ ಪಕ್ಕ ಕೂರಬೇಕೆಂಬುದಕ್ಕೆ ಪುರಾವೆ ಬೇಕೆಂದರೆ ನಮ್ಮ ರಾಜ್ಯದ ವೈದ್ಯರೇ ಕೊಟ್ಟಿದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ಮಾತ್ರೆಯ ಜೊತೆ ಅಕ್ಕಿ, ಬೇಳೆ, ಹಾಲಿನಪುಡಿ, ಎಣ್ಣೆ ಸೇರಿ ತಿಂಗಳಿಗೆ 10 ಕಿಲೋ ರೇಷನ್ ಕೊಡಿಸಿದರು. 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲಿ ಫಲಿತಾಂಶ ಬಂತು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ. ತಾವೂ ರೇಷನ್ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬಂದದ್ದೂ, ಪಡೆಯದವರಿಗಿಂತ ಶೇ 39ರಷ್ಟು ಕಡಿಮೆ. ಕ್ಷಯಕ್ಕೆ ನಿಕ್ಷಯ್ ಪೋಷಣ್ ಯೋಜನೆ 2018ರಿಂದಲೇ ಇದೆ. ಊಟಕ್ಕೆಂದು ಕೊಡುವ ಹಣ 500 ಇದ್ದದ್ದು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಯಾಗಿದೆ. ಹಾಗೆಯೇ, ತೀರಾ ಸೊರಗಿದ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಅಲ್ಲಿ ತೂಕ ನೋಡುತ್ತಾರೆ, ತಾಯಿಗೆ ಅಡುಗೆ ಹೇಳಿಕೊಡುತ್ತಾರೆ. ಕೀಮೋ ನಡುವೆ ಅರ್ಧ ಇಳಿದುಹೋದ ಐವತ್ತರ ಗಂಡಸಿಗೆ, ಡಯಾಲಿಸಿಸ್‌ನ ಹೆಂಗಸಿಗೆ ಇಂಥದ್ದೇನೂ ನಮ್ಮೂರ ಕಡೆ ಕಾಣುವುದಿಲ್ಲ.

ನೀವು 2025ರಲ್ಲಿ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಆರಂಭಿಸಿದಿರಿ. ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಬಂದಿದೆ. ರೋಗಿಯ ಬಸ್ ಖರ್ಚು ಉಳಿಯಿತು, ಅದು ಸಣ್ಣ ಮಾತಲ್ಲ. ಇನ್ನು ಅದೇ ಹಾಸಿಗೆಯ ಬಳಿ, ವಾರಕ್ಕೊಂದು ದಿನವಾದರೂ, ಒಬ್ಬ ಆಹಾರ ತಜ್ಞರನ್ನು ಕೂರಿಸಿ. ಡಯಾಲಿಸಿಸ್ ಎಂದರೆ ನಾಲ್ಕು ಗಂಟೆ ಒಂದೇ ಕಡೆ ಮಲಗಿರುವುದು. ಅದಕ್ಕಿಂತ ಬಿಡುವಿನ ಪಾಠದ ಹೊತ್ತು ಎಲ್ಲಿ ಸಿಕ್ಕೀತು? ರೋಗಿಯ ರಕ್ತಪರೀಕ್ಷೆ ನೋಡಿ, ಮುದ್ದೆ ಎಷ್ಟು, ಕಾಳು ಯಾವುದು, ನೀರು ಎಷ್ಟು ಎಂದು ಬಿಡಿಸಿ ಬರೆದ ಕನ್ನಡದ ಊಟದ ಚೀಟಿ ಮಾತ್ರೆ ಚೀಟಿಯ ಜೊತೆಗೇ ಸಿಗಲಿ. ಅಡುಗೆ ಮಾಡುವವರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ, ಅವರನ್ನೂ ಒಳಗೆ ಕರೆಯಿರಿ. ಮೊಟ್ಟೆ ಮುಟ್ಟದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅವರಿಗೆ ಹುರುಳಿ, ಅವರೆ, ಮೊಸರಿನ ಲೆಕ್ಕದಲ್ಲೇ ಹೇಳಬೇಕು. ಕ್ಷಯಕ್ಕೆ ಸಿಗುವ ಪೋಷಣೆಯ ಹಣದಂತೆ ಕ್ಯಾನ್ಸರ್ ಮತ್ತು ಕಿಡ್ನಿ ರೋಗಿಗಳ ಬಡ ಮನೆಗಳಿಗೂ ಮುಂದಿನ ಬಜೆಟ್ಟಿನಲ್ಲಿ ಏನಾದರೂ ಇಡಿ. ಚೀಟಿಯಲ್ಲಿ ಕಾಳು ಎಂದು ಬರೆದರೆ ಸಾಲದು, ಕೊಳ್ಳಲು ಕೈಯಲ್ಲಿ ಕಾಸೂ ಇರಬೇಕು.

ಮೊದಲು ಒಂದು ತಾಲ್ಲೂಕಿನಲ್ಲಿ ಮಾಡಿ ನೋಡುವುದಾದರೆ ತುರುವೇಕೆರೆಯನ್ನೇ ಆರಿಸಿಕೊಳ್ಳಿ. ಚೀಟಿಯಲ್ಲಿ ಏನಿರಬೇಕೆಂದು ತಜ್ಞರು ಹೇಳಲಿ. ಯಾವ ಮನೆಯಲ್ಲಿ ಏನು ಬೇಯುತ್ತದೆಂದು ನಮ್ಮ ಆಶಾ ಕಾರ್ಯಕರ್ತೆಯರು ಹೇಳುತ್ತಾರೆ. ಚೀಟಿ ಸಿದ್ಧಮಾಡುವ ಸಭೆಗೆ ಅವರನ್ನು ಕರೆಸುವಾಗ ಬಸ್ ಚಾರ್ಜು, ದಿನದ ಭತ್ಯೆ ಕೊಡುವುದನ್ನು ಮಾತ್ರ ಮರೆಯಬೇಡಿ.

ಇಂತಿ ತಮ್ಮ ವಿಶ್ವಾಸಿ,
ಮಾಯಸಂದ್ರ ಹೋಬಳಿಯ ಒಬ್ಬ ತೆಂಗು ಬೆಳೆಗಾರ