ಹತ್ತು ತಿಂಗಳ ಮುಂಗಡ

1986ರಲ್ಲಿ ಪೀಣ್ಯದ ಸಮೀಪದ ಶಾಲೆಗೆ ವರ್ಗವಾಗಿ ಬಂದಾಗ ನಾವು ಮೊದಲು ವಾಸವಿದ್ದುದು ಶೀಟು ಹೊದಿಸಿದ ಒಂದು ವಠಾರದಲ್ಲಿ. ಸಾಲಾಗಿ ಆರು ಮನೆಗಳು, ಎಲ್ಲಕ್ಕೂ ಸೇರಿ ಒಂದು ಕೊಳಾಯಿ. ನೆರೆಹೊರೆಯವರೆಲ್ಲ ಕಾರ್ಖಾನೆಯ ಪಾಳಿಗೆ ಹೋಗುವವರು. ರಾತ್ರಿಪಾಳಿ ಮುಗಿಸಿ ಬಂದವರು ಬೇಸಿಗೆಯ ಹಗಲಿನಲ್ಲಿ ಆ ಕಾದ ಶೀಟಿನ ಕೆಳಗೆ ಹೇಗೆ ನಿದ್ರಿಸುತ್ತಿದ್ದರೋ! ಆ ಮನೆಗೆ ನಾನು ಕೊಟ್ಟ ಮುಂಗಡ ಎರಡು ತಿಂಗಳ ಬಾಡಿಗೆಯಷ್ಟೇ. ಅದನ್ನೂ ಎರಡು ಕಂತುಗಳಲ್ಲಿ ತೀರಿಸಿದೆ.

ಈಗ ಬೆಂಗಳೂರಿನ ರೂಢಿ ಹತ್ತು ತಿಂಗಳ ಮುಂಗಡ. ಕೆಲವೆಡೆ ಐದಾರಕ್ಕೆ ಇಳಿದಿರುವುದುಂಟು. ಮನೆ ಬಿಡುವಾಗ ಬಣ್ಣದ ಲೆಕ್ಕಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಬೇರೆ. ಕಾನೂನು ಇಲ್ಲವೆಂದಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವಿದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗಳು ಅದರ ವ್ಯಾಪ್ತಿಯಿಂದ ಹೊರಗೆ. ಆ ಮೊತ್ತಕ್ಕೆ ಇಂದು ನಮ್ಮ ಕಡೆ ಒಂದು ಕೋಣೆಯೂ ದುರ್ಲಭ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಅದು ಮಾದರಿ ಮಾತ್ರ. ಅಂಗೀಕರಿಸುವುದು ರಾಜ್ಯಗಳಿಗೆ ಬಿಟ್ಟದ್ದು.

ಇಷ್ಟೆಲ್ಲ ಬರೆಯುವ ನಾನು ಈಗ ಎರಡು ಪುಟ್ಟ ಮನೆಗಳ ಮಾಲೀಕ. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ. "ಮೇಲಿನ ಮನೆ ಖಾಲಿ ಇದೆಯಂತಲ್ಲ ಸಾರ್?" ಎಂದಳು. ಬಾಡಿಗೆ ಏಳು ಸಾವಿರ, ಮುಂಗಡ ಎಪ್ಪತ್ತು ಸಾವಿರ ಎಂದೆ, ಅಭ್ಯಾಸಬಲ. ಆಕೆ ಚೌಕಾಸಿ ಮಾಡಲಿಲ್ಲ. "ನೂರಕ್ಕೆ ಎರಡರಂತೆ ಕೊಡುವವರಿದ್ದಾರೆ, ಕೇಳಿ ನೋಡ್ತೀನಿ ಸಾರ್" ಎಂದು ಹೊರಟಳು.

ಏಳನೆಯ ತರಗತಿಯಲ್ಲಿ ಆಕೆಗೆ ಸರಳಬಡ್ಡಿಯ ಲೆಕ್ಕ ಹೇಳಿಕೊಟ್ಟವನು ನಾನೇ. ಅಂದು ರಾತ್ರಿ ಅದನ್ನೇ ಮಾಡಿ ನೋಡಿದೆ. ಎಪ್ಪತ್ತು ಸಾವಿರಕ್ಕೆ ತಿಂಗಳಿಗೆ ಬಡ್ಡಿ ಸಾವಿರದ ನಾನೂರು. ಅಂದರೆ ಆಕೆಯ ಪಾಲಿಗೆ ಬಾಡಿಗೆ ಏಳಲ್ಲ, ಎಂಟು ಸಾವಿರದ ನಾನೂರು! ಹೆಚ್ಚಿನ ಆ ಹಣ ನನಗೂ ಬರುವುದಿಲ್ಲ, ಸಾಲ ಕೊಟ್ಟವನಿಗೆ ಹೋಗುತ್ತದೆ. ನನ್ನ ಎಪ್ಪತ್ತು ಸಾವಿರವೋ ಬ್ಯಾಂಕಿನಲ್ಲಿ ನನಗಾಗಿ ಮರಿ ಹಾಕುತ್ತಿರುತ್ತದೆ.

ಮಾಲೀಕರ ಭಯ ಸುಳ್ಳೆನ್ನಲಾರೆ. ಹಿಂದೊಮ್ಮೆ ನಮ್ಮ ಬಾಡಿಗೆದಾರನೊಬ್ಬ ನಾಲ್ಕು ತಿಂಗಳ ಬಾಕಿ, ಕರೆಂಟ್ ಬಿಲ್ಲು ಎರಡನ್ನೂ ಉಳಿಸಿ ಹೋದದ್ದುಂಟು. ಆದರೂ ಒಬ್ಬ ಓಡಿಹೋದನೆಂದು ಎಲ್ಲರನ್ನೂ ಸಾಲಗಾರರನ್ನಾಗಿ ಮಾಡುವುದು ಯಾವ ನ್ಯಾಯ? ಎರಡು ತಿಂಗಳ ಮಿತಿಯನ್ನು ನಮ್ಮ ರಾಜ್ಯವೂ ಕಾನೂನಾಗಿ ತರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮರುದಿನ ಆಕೆಯನ್ನು ಕರೆಸಿ ಹದಿನಾಲ್ಕು ಸಾವಿರ ಸಾಕೆಂದೆ. "ನಾಳೆ ಏನಾದರೂ ಆದರೆ?" ಎಂದಳು ನನ್ನಾಕೆ. ಉತ್ತರವಿರಲಿಲ್ಲ. ಭಾನುವಾರ ಅವರ ಸಾಮಾನು ಬಂದಿಳಿಯಿತು. ಕೆಳಗಿನ ಮನೆಯವರ ಎಂಬತ್ತು ಸಾವಿರ ಮಾತ್ರ ಈಗಲೂ ನನ್ನ ಖಾತೆಯಲ್ಲೇ ಇದೆ. ಅದರ ಮಾತನ್ನು ಮನೆಯಲ್ಲಿ ನಾನಿನ್ನೂ ಎತ್ತಿಲ್ಲ.